ಹಿಮ ಬೀಳುವ ಮುಂಚೆ

"ದಾರಿ ಬಿಡೇ, ಇನ್ನು ಎರಡೇ ಮೈಲಿ!" ಲೆಸ್ಟರ್ ಅರಚಿದ. ಚಳಿಗಾಲದ ಹಿಮಗಾಡಿ ಪಂದ್ಯಕ್ಕೆ ನಾಯಿಗಳನ್ನು ಹುರಿಗೊಳಿಸಲೆಂದು ಅವನು ಜಲ್ಲಿರಸ್ತೆಯಲ್ಲಿ ಅವುಗಳಿಂದ ನಾಲ್ಕು ಚಕ್ರದ ಬೈಕು ಎಳೆಸುತ್ತಿದ್ದ. ತಂಗಿ ವೆರ್ನಾ ಅಡ್ಡ ನಿಂತಿದ್ದಳು. ಯೂಕಾನ್ ನದಿಯ ದಡದಲ್ಲಿ ಸೆಪ್ಟೆಂಬರಿನ ಬಿಸಿಲು ಏರಿತ್ತು.

"ಪೆಪ್ಪರ್ ನಾಲಿಗೆ ನೋಡು, ಸೆಖೆಗೆ ಹೇಗೆ ಜೋತಿದೆ. ಇವನು ಸತ್ರೆ ಹಿಮಗಾಡಿ ನೀನೇ ಎಳೀತೀಯೇನಣ್ಣಾ?"

"ಹೋದ ವರ್ಷ ನೀನು ನಾಯಿಗಳನ್ನ ಮುದ್ದು ಮಾಡಿದ್ರಿಂದಾನೇ ಸೋತಿದ್ದು. ಅವನ್ನ ಮುಟ್ಟಿದ್ರೆ ಹಲ್ಲು ಉದುರಿಸ್ತೀನಿ!"

ವೆರ್ನಾ ಬಗ್ಗಿ, ಎಲ್ಲಕ್ಕಿಂತ ಮುಂದಿದ್ದ ಪೆಪ್ಪರನ ಕೊಂಡಿ ಕಳಚಿದಳು. ಲೆಸ್ಟರ್ ಹಾರಿ ಇಳಿದು ಕೈ ಎತ್ತಿದ. ನಾಯಿ ನದಿಯ ಕಡೆಗೆ ಎರಡು ಹೆಜ್ಜೆ ಇಟ್ಟು ಜಲ್ಲಿಯ ಮೇಲೆ ಕುಸಿಯಿತು.

ಎತ್ತಿದ ಕೈ ಅಲ್ಲೇ ನಿಂತಿತು. ಮರುಕ್ಷಣ ಅವನು ನಾಯಿಯನ್ನು ಎದೆಗವಚಿಕೊಂಡು ಓಡಿ, ಸೊಂಟದವರೆಗೆ ನೀರಿಗಿಳಿದ. ತಿರುಗಿ ನೋಡದೆಯೇ ಕೂಗಿದ: "ಏನೇ ನಿಂತ್ಕೊಂಡು ನೋಡ್ತಿದೀಯ? ಉಳಿದವನ್ನೂ ಬಿಚ್ಚೇ!"