ಬೇರೆ ಇಟ್ಟ ಸಸಿಗಳು

ಊಟದ ಹೊತ್ತಾದರೂ ಲ್ಯಾಬಿನ ಕೆಲಸಗಾರ್ತಿ ಗೌಸಿಯಾ ಹೊರಗೆ ಬರಲಿಲ್ಲ. ನಾಗರತ್ನಾ ಗಾಜಿನ ಕಿಟಕಿಯಲ್ಲಿ ಇಣುಕಿದಳು. ಉರಿಯುವ ದೀಪದ ಮುಂದೆ ಕೂತು ಗೌಸಿಯಾ ಜರ್ಬೆರಾ ಹೂವಿನ ಸಸಿಗಳಿದ್ದ ಬಾಟಲಿಯೊಂದರ ಟೇಪು ಬಿಚ್ಚುತ್ತಿದ್ದಳು. ಬಿಚ್ಚಿ, ಬಾಯಿಗೆ ಹತ್ತಿಯ ಬಿರಡೆ ತುರುಕಿದಳು.

ಬಾಟಲಿಯೊಳಗೆ ಸಸಿ ಬೆಳೆಸುವ ಕೋಟನೂರಿನ ಈ ಅಂಗಾಂಶ ಕೃಷಿ ಲ್ಯಾಬಿನ ಮುಖ್ಯಸ್ಥೆ ನಾಗರತ್ನಾಳೇ. ಬೂಷ್ಟು ಒಳನುಗ್ಗದಂತೆ ಪ್ರತಿ ಬಾಟಲಿಗೂ ನಾಲ್ಕು ಸುತ್ತು ಟೇಪು ಎಂಬುದು ಅವಳ ಕಟ್ಟಪ್ಪಣೆ.

ಎರಡು ಸಲ ಸಸಿಗಳು ಕೆಟ್ಟಿದ್ದವು. ಎಲೆ ನೀರು ಕುಡಿದು ಉಬ್ಬಿ, ಗಾಜಿನ ಚೂರಿನಂತಾಗಿ, ಅವನ್ನು ಕೊಳ್ಳುವ ಕಮಲಾಪುರದ ರೈತ ದೌಲಪ್ಪನ ನೆರಳುಮನೆಯಲ್ಲಿ ನೆಟ್ಟ ವಾರದೊಳಗೆ ಕರಗಿದ್ದವು. ಮೂರನೆಯ ಸಲವೂ ಹೀಗಾದರೆ ಲ್ಯಾಬಿಗೆ ಬೀಗ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಹದಿನೈದು ವರ್ಷ ಅವಳು ಮಗುವಿನಂತೆ ಸಾಕಿದ ಲ್ಯಾಬು.

ಕೇಡಿಗಳು ಹೊರಗಿನವರಲ್ಲ ಎಂದು ಅವಳಿಗೆ ಮೊದಲೇ ಗುಮಾನಿಯಿತ್ತು. ಹೋದ ತಿಂಗಳು ಗೌಸಿಯಾ ಬಂದು, "ಬಾಟ್ಲಿ ಒಳಗ ಗಾಳಿ ಆಡದ ಭಾಳ ಬೆವರಾಕತ್ತಾವ್ರಿ ಮೇಡಮ್" ಎಂದಾಗ, "ನಿನಗ ಹೇಳಿದಷ್ಟು ಮಾಡು" ಎಂದು ಗದರಿದ್ದಳು. ಅದರ ಸಿಟ್ಟು ಇದು. ಮತ್ತೇನು?

ಕೂಡಲೇ ಹಿಡಿಯಲಿಲ್ಲ. ನಾಗರತ್ನಾ ಅಷ್ಟು ದಡ್ಡಳಲ್ಲ. ಮೂರು ವಾರ ಗೌಸಿಯಾ ಟೇಪು ಬಿಚ್ಚಿದ ಬಾಟಲಿಗಳ ತಳಕ್ಕೆಲ್ಲ ಕೆಂಪು ಚುಕ್ಕೆ ಇಟ್ಟಳು. ನಲವತ್ತಾದವು. ಆಮೇಲೆ ಕರೆದು, "ನಾಳಿಂದ ಬರಬ್ಯಾಡ" ಎಂದಳು.

ಗೌಸಿಯಾ ಚುಕ್ಕೆಗಳನ್ನು ನೋಡಿದಳು. "ಹೋಗ್ತೇನ್ರಿ. ಆದ್ರ ಇವನ್ನ ಉಳಿದವುಗಳ ಜೋಡಿ ಕೂಡಸಬ್ಯಾಡ್ರಿ."

"ಅದನ್ನ ನೀ ಹೇಳಬೇಕಾ?"

ಎರಡು ಸಾವಿರ ಸಸಿಗಳು ಕಮಲಾಪುರಕ್ಕೆ ಹೋದವು. ಕೆಂಪು ಚುಕ್ಕೆಯವೂ ಹೋದವು, ಬೇರೆ ಪಾತಿಗೆ. ಉಳಿದವಕ್ಕೂ ಇವಕ್ಕೂ ಫರಕು ಕಾಣುತ್ತದೆ, ನೋಡುತ್ತಿರು ಎಂದು ದೌಲಪ್ಪನಿಗೆ ಹೇಳಿ ಕಳಿಸಿದಳು. ಮೋಸ ಹೇಗೆ ನಡೆದಿತ್ತೆಂದು ದೌಲಪ್ಪ ಕಣ್ಣಾರೆ ನೋಡಲಿ, ಮಾಲೀಕರಿಗೂ ಅವನೇ ಹೇಳಲಿ ಎಂಬುದು ಅವಳ ಲೆಕ್ಕಾಚಾರ.

ಹನ್ನೆರಡನೆಯ ದಿನ ದೌಲಪ್ಪ ಫೋನು ಮಾಡಿದ. "ನೀವು ಹೇಳಿದ್ದು ಖರೇ ಅದರಿ. ಆ ಪಾತಿಗೂ ಉಳಿದವಕ್ಕೂ ಭಾಳ ಫರಕ ಅದ. ಬಂದು ನೋಡ್ರಿ."

ಬಸ್ಸಿನಲ್ಲಿ ಕೂತ ನಾಗರತ್ನಾಳಿಗೆ ಎಷ್ಟೋ ದಿನಗಳ ಮೇಲೆ ಎದೆ ಹಗುರವಾಗಿತ್ತು. ಲ್ಯಾಬು ಉಳಿಯಿತು. ಮಾಲೀಕರಿಗೂ ಬಸ್ಸಿನಿಂದಲೇ ಫೋನು ಮಾಡಿ ಅಲ್ಲಿಗೆ ಬರಹೇಳಿದಳು.

ನೆರಳುಮನೆಯ ಬಾಗಿಲಲ್ಲಿ ಮಾಲೀಕರು ಆಗಲೇ ನಿಂತಿದ್ದರು. ಅವರ ಹಿಂದೆ ಉದ್ದಕ್ಕೂ ಕೊಳೆತು ಮಲಗಿದ ಪಾತಿಗಳು. ಮೂಲೆಯ ಒಂದರಲ್ಲಿ ಮಾತ್ರ ಕೆಂಪು ಚುಕ್ಕೆಯ ನಲವತ್ತು ಬಾಟಲಿಯ ಸಸಿಗಳು ಹೊಸ ಎಲೆ ಬಿಟ್ಟು ನೆಟ್ಟಗೆ ನಿಂತಿದ್ದವು.

"ಈ ಸಸಿ ಮಾಡಿದಾಕಿ ಎಲ್ಲಿ ಹೋಗ್ಯಾಳ್ರಿ?" ಎಂದು ಮಾಲೀಕರು ಕೇಳಿದರು.