ಕಟಗೇರಿ ಸರ್ ಕೇಳುವ ಪ್ರಶ್ನೆ

ನಮ್ಮ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳು ನಾಲ್ಕು, ರೋಗಿಗಳು ಹನ್ನೊಂದು. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಕಟಗೇರಿ ಸರ್ ಪ್ರಶ್ನೆ ಕೇಳುತ್ತಾರೆ. ಸರಿ ಉತ್ತರ ಕೊಟ್ಟವರಿಗೆ ಹಾಸಿಗೆ. ಉಳಿದವರು ಗುರುವಾರ ಬರಬೇಕು, ಉಸಿರಿದ್ದರೆ.

ಸರ್ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಗೋಡೆಯ ಪರದೆಯ ಮೇಲಿರುವುದು ಅವರ ಮುಖ, ಅವರ ದನಿ. ಬದುಕಿದ್ದಾಗ ಟಿವಿಯಲ್ಲಿ ಕ್ವಿಜ್ ನಡೆಸುತ್ತಿದ್ದ ಅವರು ತಪ್ಪು ಹೇಳಿದವರಿಗೆ ಮಾತ್ರ "ಇನ್ನೊಮ್ಮೆ ಯೋಚನೆ ಮಾಡ್ರಿ" ಎನ್ನುತ್ತಿದ್ದರು. ಅದು ಅವರ ಕಳ್ಳ ಕರುಣೆ. ನೋಡುವವರಿಗೆಲ್ಲ ಗೊತ್ತಿತ್ತು.

"ಘಟಪ್ರಭಾ ಯಾವ ನದಿಗೆ ಕೂಡತೈತಿ?" ಪರದೆ ಕೇಳಿತು.

"ಕೃಷ್ಣಾ," ಎಂದಳು ಅವ್ವ. ಅವಳ ತವರು ಘಟಪ್ರಭೆಯ ದಂಡೆಯಲ್ಲೇ ಇದೆ.

"ಇನ್ನೊಮ್ಮೆ ಯೋಚನೆ ಮಾಡ್ರಿ, ಅವ್ವಾರ."

ಸರ್ ತನ್ನನ್ನು ಕಾಪಾಡಿದರೆಂದು ಅವ್ವ ನಕ್ಕಳು. "ಮಲಪ್ರಭಾ," ಎಂದಳು. ಕೆಂಪು ದೀಪ ಹತ್ತಿತು.

"ಅದು ಎಲ್ಲಾರಿಗೂ ಹಂಗ ಅಂತೈತ್ರಿ. ಭೇದ ಮಾಡಬಾರದಲ್ಲ?" ಎಂದಳು ನರ್ಸ್.

ಅವ್ವ ಊದಿದ ಕಾಲು ಎಳೆಯುತ್ತ ಬೆಂಚಿಗೆ ಬಂದಳು. "ಸರ್ ಸುಳ್ಳ ಹೇಳೂದಿಲ್ಲ. ನದೀನ ದಿಕ್ಕ ಬದಲಿಸಿರಬೇಕು."

ನನ್ನ ಮೈ ಉರಿಯಿತು. ಮುಂದಿನ ಸರದಿಯ ಅಜ್ಜ ತನ್ನ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ. ಪರದೆ ಮತ್ತೆ ಅದೇ ಮಾತು ಹೇಳಿತು. ಅಜ್ಜ ತಲೆ ಕೆರೆದುಕೊಂಡ.

ನಾನು ಎದ್ದು ಒದರಿದೆ: "ಬದಲಿ ಮಾಡಬ್ಯಾಡೋ ಅಜ್ಜಾ! ಕಟಗೇರಿ ಸತ್ತಾನ! ಅದು ಅವನಲ್ಲ!"

ಅಜ್ಜ ಬದಲಿಸಲಿಲ್ಲ. ಹಸಿರು ದೀಪ ಹತ್ತಿತು.

ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು.

"ಹುಚ್ಚ ಹುಡುಗಿ, ಅವರ ಮುಂದ ಹಂಗ ಅಂತಾರೇನ? ಎಷ್ಟ ಬ್ಯಾಸರಾಗಿರಬಾರ್ದು ಅವರಿಗೆ!"