ಮೌನವೋ, ಮರೆವೋ

ಮಗಳ ಪಾತ್ರದ ನಟಿ ಅಳುತ್ತಾ ಮೊಣಕಾಲೂರಿದಳು. ತಂದೆಯಾಗಿ ಉತ್ತರಿಸಬೇಕಿದ್ದ ಸರ್ ಕ್ಲೆಮೆಂಟ್ ಥರ್ಲೋ ಮಾತು ನಿಲ್ಲಿಸಿದರು. ಲಂಡನ್ನಿನ ಪ್ರೇಕ್ಷಕರು ಉಸಿರು ಬಿಗಿಹಿಡಿದರು. ನಾಟಕದಲ್ಲೂ ಸಿನಿಮಾದಲ್ಲೂ ಅವರ ಮೌನವೇ ಹೆಸರುವಾಸಿ. ಆದರೆ ರಂಗದ ಮರೆಯಲ್ಲಿ ಕುಳಿತು ನಟರಿಗೆ ಮರೆತ ಮಾತು ಹೇಳಿಕೊಡುವ ವಿನಿಫ್ರೆಡ್ ಬೆವರಿದಳು. ಇದು ನಟನೆಯೋ, ಮರೆವೋ?

“ಹೇಳ್ಕೊಡ್ಲಾ?” ಎಂದು ಪಿಸುಗುಟ್ಟಿದಳು.

“ಸುಮ್ನಿರಮ್ಮ ತಾಯಿ!” ವ್ಯವಸ್ಥಾಪಕ ಡೆಸ್ಮಂಡ್ ಹಲ್ಲು ಕಡಿದ. “ಹೋದ್ಸಲ ಅವ್ರ ಮೌನ ಕೆಡಿಸಿದವ್ಳು ಈಗ ಬಾಗ್ಲಲ್ಲಿ ಟಿಕೆಟ್ ಹರೀತಿದಾಳೆ.”

ಅಷ್ಟರಲ್ಲಿ ಸರ್ ಕ್ಲೆಮೆಂಟ್ ಪಾತ್ರದ ಗತ್ತಿನಲ್ಲೇ ನಡೆದುಬಂದು, ಸಭೆಗೆ ಬೆನ್ನುಹಾಕಿ, ರಂಗಸಜ್ಜಿಕೆಯ ಕಿಟಕಿಯೆದುರು ನಿಂತರು. ತಾಲೀಮಿನಲ್ಲಿ ಈ ನಡೆ ಇರಲಿಲ್ಲ. ಕಿಟಕಿಯ ಹಿಂದೆಯೇ ಇದ್ದ ವಿನಿಫ್ರೆಡ್, ಕೆಲಸ ಹೋದರೆ ಹೋಗಲಿ ಎಂದುಕೊಂಡು ಅವರ ಮಾತನ್ನು ಉಸುರಿದಳು: “‘ಏಳು, ನಿನ್ನನ್ನು ಕ್ಷಮಿಸಿದ್ದೇನೆ.’”

“ಮಾತು ನೆನಪಿದೆ, ವಿನ್ನಿ,” ಎಂದರು ಅವರು, ತುಟಿ ಅಲುಗಿಸದೆ. “ಅಲ್ಲಿ ಅಳ್ತಾ ಕೂತಿದಾಳಲ್ಲ, ಆ ಹುಡುಗಿ ಯಾರು?”

ವಿನಿಫ್ರೆಡ್ ಕೈಲಿದ್ದ ನಾಟಕದ ಪ್ರತಿ ಮುಚ್ಚಿದಳು. “ನಿಮ್ಮ ಮಗಳು, ಸರ್.”

ಅವರು ತಿರುಗಿದರು. ಆ ನಟಿಯನ್ನು ಅಂದೇ ಮೊದಲು ಕಂಡವರಂತೆ ನೋಡಿ, ಒಡೆದ ದನಿಯಲ್ಲಿ ಕ್ಷಮೆಯ ಮಾತಾಡಿದರು. ಸಭೆ ಚಪ್ಪಾಳೆಯಿಂದ ನಡುಗಿತು, ಡೆಸ್ಮಂಡನೂ ಕಣ್ಣೊರೆಸಿಕೊಂಡ. ವಿನಿಫ್ರೆಡ್ ಮಾತ್ರ ಕೈ ತಟ್ಟಲಿಲ್ಲ. ಇನ್ನೂ ಒಂದು ಅಂಕ ಬಾಕಿಯಿತ್ತು.